ಕೀಲಿ ಕೆಟ್ಟಿಲ್ಲ, ಬಾಗಿಲು ಜೋತಿದೆ

‘ಮುಂದಿನ ಬಾಗ್ಲಾ ಕೀಲಿ ಹತ್ತವಲ್ದು ನೋಡಪಾ. ಹಿಂದಿನ ಬಾಗ್ಲಾಗಿಂದ ಹೋಗಿ ಬರ್ತೀವಿ, ನೀ ಏನ್ ಕಾಳಜಿ ಮಾಡಬ್ಯಾಡ.’

ಸೇಡಂನಲ್ಲಿರುವ ಅವ್ವ ಫೋನಿನಲ್ಲಿ ಹೀಗೆ ಹೇಳಿದರಂತೆ. ಬರೆದು ಕೇಳಿದವರು ಹೈದರಾಬಾದಿನಲ್ಲಿ ಕೆಲಸದಲ್ಲಿರುವ ಮಗ. ಎರಡು ವರ್ಷದ ಹಿಂದೆ ಸಾಲ ಮಾಡಿ ಊರಿನಲ್ಲಿ ಮನೆ ಕಟ್ಟಿಸಿದ್ದಾರೆ. ಅಪ್ಪ ಅವ್ವನಿಗೆ ಬಿಸಿಲು, ಧೂಳು, ಲಾರಿ ಸದ್ದು ತಾಗಬಾರದೆಂದು ಮುಂಬಾಗಿಲು, ಕಿಟಕಿ ಎಲ್ಲಕ್ಕೂ ಯುಪಿವಿಸಿ ಚೌಕಟ್ಟು, ಎರಡು ಪದರದ ಗಾಜು ಹಾಕಿಸಿದ್ದಾರೆ. ಈಗ ಆ ಬಾಗಿಲೇ ಹಾಕಲು ಬರುತ್ತಿಲ್ಲ. ಫಿಟ್ ಮಾಡಿದವರನ್ನು ಕೇಳಿದರೆ ‘ಲಾಕ್ ಪೂರ್ತಿ ಬದಲಿಸಬೇಕು ಸರ್, ಬಾಗಿಲೇ ಬದಲಿಸಿದರೆ ಇನ್ನೂ ಒಳ್ಳೆಯದು’ ಎಂದರಂತೆ. ಏನು ಮಾಡೋಣ ಎಂಬುದು ಪ್ರಶ್ನೆ. ಚಿತ್ತಾಪುರ, ವಾಡಿ, ಶಹಾಬಾದಿನ ಓದುಗರಿಂದಲೂ ಹೆಚ್ಚು ಕಡಿಮೆ ಇದೇ ದೂರು ಬಂದಿದೆ, ಅದೂ ಬೇಸಿಗೆಯಲ್ಲೇ ಹೆಚ್ಚು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ ಮೀಸಲು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಕೀಲಿ ಅಂದರೆ ಬೀಗ, ಕೀಲಿಕೈ ಅಂದರೆ ಬೀಗದ ಕೈ. ಮೈಸೂರು, ಬೆಂಗಳೂರಿನ ಓದುಗರು ಎರಡನ್ನೂ ಒಂದೇ ಅಂದುಕೊಂಡು ಗೊಂದಲ ಮಾಡಿಕೊಳ್ಳಬಾರದು.

ಇನ್ನು ಉತ್ತರ. ಮಿಸ್ತ್ರಿಗೆ ಒಂದು ರೂಪಾಯಿ ಕೊಡುವ ಮೊದಲು ಅವ್ವನಿಗೆ ಫೋನ್ ಮಾಡಿ ಒಂದೇ ಕೆಲಸ ಮಾಡಿಸಿ. ಬಾಗಿಲು ಪೂರ್ತಿ ತೆರೆದಿಟ್ಟುಕೊಂಡು, ಗಾಳಿಯಲ್ಲೇ ಹ್ಯಾಂಡಲ್ ಎತ್ತಿ ಕೀಲಿಕೈ ತಿರುಗಿಸಲಿ. ಬಾಗಿಲಿನ ಅಂಚಿನ ಉದ್ದನೆಯ ಲೋಹದ ಪಟ್ಟಿಯಿಂದ ಮೇಲೆ, ನಡುವೆ, ಕೆಳಗೆ ಕೊಕ್ಕೆಗಳು ಸಲೀಸಾಗಿ ಹೊರಬಂದು, ಮತ್ತೆ ಸಲೀಸಾಗಿ ಒಳಹೋದರೆ ಕೀಲಿ ಸರಿಯಾಗಿದೆ ಎಂದರ್ಥ. ತೆರೆದಾಗ ತಿರುಗುವ ಕೀಲಿ ಮುಚ್ಚಿದಾಗ ತಿರುಗದಿದ್ದರೆ ದೋಷ ಇರುವುದು ಕೀಲಿಯಲ್ಲಲ್ಲ, ಬಾಗಿಲಿನಲ್ಲಿ. ಬಾಗಿಲು ತನ್ನ ಜಾಗ ಬಿಟ್ಟು ಸರಿದಿದೆ. ಚೌಕಟ್ಟಿನಲ್ಲಿ ಕೊಕ್ಕೆ ಕೂರಬೇಕಾದ ಕಿಂಡಿ ಒಂದು ಕಡೆ, ಕೊಕ್ಕೆ ಇನ್ನೊಂದು ಕಡೆ. (ಪರೀಕ್ಷೆ ಮುಗಿದ ಮೇಲೆ ಕೊಕ್ಕೆ ಒಳಗೆ ಹೋಗಿದೆಯೇ ನೋಡಿಯೇ ಬಾಗಿಲು ಮುಚ್ಚಬೇಕು. ಕೊಕ್ಕೆ ಹೊರಗಿರುವಾಗ ಬಾಗಿಲು ತಳ್ಳಿದರೆ ಚೌಕಟ್ಟಿಗೆ ಬಡಿದು ಇಲ್ಲದ ರಿಪೇರಿ ಹುಟ್ಟುತ್ತದೆ.)

ಬಾಗಿಲು ಯಾಕೆ ಸರಿಯುತ್ತದೆ? ಭಾರಕ್ಕೆ. ಗಾಜಿನ ತೂಕದ ಲೆಕ್ಕ ಸುಲಭ: ಒಂದು ಚದರ ಮೀಟರು ಗಾಜು, ಪ್ರತಿ ಮಿಲಿಮೀಟರು ದಪ್ಪಕ್ಕೆ ಎರಡೂವರೆ ಕಿಲೋ. 5 ಮಿ.ಮೀ. ಗಾಜು ಎರಡು ಪದರ ಅಂದರೆ ಚದರ ಮೀಟರಿಗೆ 25 ಕಿಲೋ. ಒಂದು ಮೀಟರು ಅಗಲ, ಎರಡು ಮೀಟರು ಎತ್ತರದ ಬಾಗಿಲಾದರೆ ಗಾಜೇ 50 ಕಿಲೋದ ಹತ್ತಿರ. ಒಂದು ಸಿಮೆಂಟ್ ಚೀಲದಷ್ಟು ಭಾರವನ್ನು ಒಂದೇ ಬದಿಗೆ ನೇತುಹಾಕಿ ದಿನಕ್ಕೆ ಐವತ್ತು ಸಲ ತೆಗೆದು ಹಾಕಿದ ಹಾಗೆ. ಹಿಂಜು ಎಷ್ಟೇ ಗಟ್ಟಿ ಇದ್ದರೂ ಎರಡು ಮಳೆಗಾಲ ಕಳೆಯುವುದರೊಳಗೆ ಕೀಲಿ ಇರುವ ಬದಿ ಎರಡು ಮೂರು ಮಿಲಿಮೀಟರು ಕೆಳಗಿಳಿಯುತ್ತದೆ. ಕೀಲಿ ಹತ್ತದಿರುವುದಕ್ಕೆ ಅಷ್ಟು ಸಾಕು.

ಎರಡನೆಯ ಕಾರಣ ನಮ್ಮ ಬಿಸಿಲು. ಮೀಟರು ಉದ್ದದ ಯುಪಿವಿಸಿ, 10 ಡಿಗ್ರಿ ಬಿಸಿಯೇರಿದರೆ ಸುಮಾರು ಮುಕ್ಕಾಲು ಮಿಲಿಮೀಟರು ಹಿಗ್ಗುತ್ತದೆ. ಒಳಗೆ ಹಾಕಿದ ಉಕ್ಕಿನ ಪಟ್ಟಿ ಅಷ್ಟೂ ಹಿಗ್ಗಗೊಡುವುದಿಲ್ಲ, ನಿಜ. ಆದರೆ ಮೇ ತಿಂಗಳಿನಲ್ಲಿ ನೆರಳಿನಲ್ಲೇ 42, 43 ಡಿಗ್ರಿ ಇರುವ ಊರಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಬಾಗಿಲಿನ ಹೊರಮೈ ಕಾದ ಹೆಂಚಿನಂತಿರುತ್ತದೆ, ಒಳಮೈ ಕೂಲರ್ ಗಾಳಿಗೆ ತಣ್ಣಗಿರುತ್ತದೆ. ಒಂದು ಮೈ ಹಿಗ್ಗಿ ಇನ್ನೊಂದು ಹಿಗ್ಗದಿದ್ದರೆ ಬಾಗಿಲು ಬಿಲ್ಲಿನಂತೆ ಬಾಗುತ್ತದೆ. ಬಿಳಿ ಚೌಕಟ್ಟಿಗಿಂತ ಕಂದು, ಕಪ್ಪು ಬಣ್ಣದವು ಹೆಚ್ಚು ಕಾಯುತ್ತವೆ. ಕಟ್ಟಿಗೆಯಂತೆ ಕಾಣಲಿ ಎಂದು ಕಂದು ಬಣ್ಣ ಆರಿಸುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಹಾಗಾಗಿ ಎರಡನೆಯ ಪರೀಕ್ಷೆ ಗಡಿಯಾರದ್ದು. ಬೆಳಗ್ಗೆ ಆರಕ್ಕೆ ಕೀಲಿ ಹತ್ತಿ, ಮಧ್ಯಾಹ್ನ ಮೂರಕ್ಕೆ ಹತ್ತದಿದ್ದರೆ ಅದು ಬಿಸಿಲಿನ ಆಟ. ಮುಂದೆ ಒಂದು ಚಪ್ಪರವೋ ಹಸಿರು ನೆಟ್ಟೋ ಕಟ್ಟಿಸಿ, ಚೌಕಟ್ಟಿನ ಕಿಂಡಿಯನ್ನು ಒಂದಿಷ್ಟು ಸರಿಸಿದರೆ ಮುಗಿಯಿತು. ಇಡೀ ದಿನ ಹತ್ತದಿದ್ದರೆ ಬಾಗಿಲು ಜೋತಿದೆ.

ಜೋತ ಬಾಗಿಲನ್ನು ಎತ್ತುವುದು ದೊಡ್ಡ ವಿದ್ಯೆಯೇನಲ್ಲ. ಮೊದಲು ಮುಚ್ಚಿದ ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದು ನೋಡಿ. ಮೇಲೆ ಅಗಲ, ಕೆಳಗೆ ಇಕ್ಕಟ್ಟು ಇದ್ದರೆ ಇಳಿದಿದೆ. ಹಿಂಜಿನ ಮೇಲಿನ ಪ್ಲಾಸ್ಟಿಕ್ ಟೋಪಿ ತೆಗೆದರೆ ಅಲೆನ್ ಕೀ ಹಾಕುವ ಆರು ಮೂಲೆಯ ತೂತು ಕಾಣುತ್ತದೆ. ಒಂದು ಸ್ಕ್ರೂ ಬಾಗಿಲನ್ನು ಮೇಲೆ ಕೆಳಗೆ ಮಾಡುತ್ತದೆ, ಇನ್ನೊಂದು ಎಡಕ್ಕೆ ಬಲಕ್ಕೆ. ಒಬ್ಬರು ಬಾಗಿಲನ್ನು ಕೆಳಗಿನಿಂದ ಆನಿಸಿ ಹಿಡಿಯಬೇಕು, ಇನ್ನೊಬ್ಬರು ಅರ್ಧ ಸುತ್ತು ತಿರುಗಿಸಬೇಕು, ನೋಡಬೇಕು, ಮತ್ತೆ ಅರ್ಧ ಸುತ್ತು. ಮೂರು ಹಿಂಜಿದ್ದರೆ ಮೂರನ್ನೂ ಅಷ್ಟಷ್ಟೇ. ಒಂದನ್ನು ಮಾತ್ರ ತಿರುಗಿಸಿದರೆ ಭಾರ ಮೂರರ ಮೇಲೂ ಸಮನಾಗಿ ಬೀಳುವುದಿಲ್ಲ.

ಹಿಂಜು ಸರಿ ಮಾಡಿದರೂ ತಿಂಗಳೊಳಗೆ ಮತ್ತೆ ಜೋತರೆ ಗಾಜು ಕೂರಿಸಿದ್ದೇ ತಪ್ಪಾಗಿದೆ. ಗಾಜಿನ ಅಂಚಿಗೂ ಚೌಕಟ್ಟಿಗೂ ನಡುವೆ ಪ್ಲಾಸ್ಟಿಕ್ ಪ್ಯಾಕಿಂಗ್ ತುಂಡು ಇಡುತ್ತಾರೆ. ಒಂದು ತುಂಡು ಹಿಂಜಿನ ಬದಿಯ ಕೆಳಮೂಲೆಯಲ್ಲಿ, ಇನ್ನೊಂದು ಅದರ ಎದುರು, ಕೀಲಿ ಬದಿಯ ಮೇಲ್ಮೂಲೆಯಲ್ಲಿ ಬಿಗಿಯಾಗಿ ಇರಬೇಕು. ಆಗ ಗಾಜೇ ಓರೆಗಂಬದಂತೆ ನಿಂತು ಬಾಗಿಲಿನ ಭಾರವನ್ನು ಕೆಳಗಿನ ಹಿಂಜಿಗೆ ದಾಟಿಸುತ್ತದೆ. ಹಳೆ ಹಲಗೆ ಬಾಗಿಲಿನ ಹಿಂದೆ ಬಡಿಗ್ಯಾ ಹೊಡೆಯುತ್ತಿದ್ದ ಓರೆ ಪಟ್ಟಿಯ ಕೆಲಸವೂ ಇದೇ. ಅವಸರದ ಕೆಲಸದಲ್ಲಿ ಈ ತುಂಡುಗಳನ್ನು ಎಲ್ಲೆಂದರಲ್ಲಿ ತುರುಕಿರುತ್ತಾರೆ, ಇಲ್ಲವೇ ಇಟ್ಟೇ ಇರುವುದಿಲ್ಲ. ಬೀಡಿಂಗ್ ಬಿಚ್ಚಿ, ತುಂಡು ಸರಿಯಾಗಿ ಇಟ್ಟು, ಮತ್ತೆ ಬೀಡಿಂಗ್ ಹಾಕಿದರೆ ಆಯಿತು. ಬಲ್ಲ ಮಿಸ್ತ್ರಿಗೆ ಒಂದು ಗಂಟೆಯ ಕೆಲಸ. ‘ಪ್ಯಾಕಿಂಗ್ ಚೆಕ್ ಮಾಡ್ರಿ’ ಎಂದು ನೀವಾಗಿ ಹೇಳಿದರೆ ‘ಪೂರ್ತಿ ಬದಲಿಸಬೇಕು’ ಅನ್ನುವ ಮಾತು ತಾನಾಗಿ ಕಡಿಮೆಯಾಗುತ್ತದೆ.

ಈ ಊರುಗಳಲ್ಲಿ ಇರುವ ಇನ್ನೊಂದು ತೊಂದರೆ ಧೂಳು. ಸುಣ್ಣಕಲ್ಲಿನ ನೆಲ ನಮ್ಮದು. ಶಹಾಬಾದಿ ಫರ್ಸಿ ಕಲ್ಲು ದೇಶಕ್ಕೆಲ್ಲ ಹೋಗುವುದು ಇಲ್ಲಿಂದಲೇ, ಸಿಮೆಂಟಿಗೂ ಅದೇ ಕಲ್ಲು. ಗಣಿ, ಕಲ್ಲು ಕೊಯ್ಯುವ ಮಶೀನು, ಕಾರ್ಖಾನೆ, ಲಾರಿ, ಗೂಡ್ಸ್ ಗಾಡಿ, ಎಲ್ಲದರ ಪುಡಿಯೂ ಗಾಳಿಯಲ್ಲಿರುತ್ತದೆ. ಬೆಳಗ್ಗೆ ಒರೆಸಿದ ಕಟ್ಟೆ ಸಂಜೆಗೆ ಬೂದಿ ಬಣ್ಣ. ಈ ಪುಡಿ ಕೀಲಿಯೊಳಗೆ ಹೋಗುತ್ತದೆ. ಕೀಲಿ ಬಿಗಿಯಾಯಿತೆಂದು ಮನೆಯವರು ಕೊಬ್ಬರಿ ಎಣ್ಣೆ ಬಿಡುತ್ತಾರೆ. ಎರಡು ದಿನ ಜಾರುತ್ತದೆ, ಆಮೇಲೆ ಎಣ್ಣೆ ಮತ್ತು ಪುಡಿ ಸೇರಿ ಕಣಕದಂತಾಗಿ ಒಳಗಿನ ಸಣ್ಣ ಪಿನ್ನುಗಳು ಅಲ್ಲಾಡದ ಹಾಗೆ ಹಿಡಿದುಬಿಡುತ್ತದೆ. ಕೀಲಿಕೈ ಮುರಿದು ಅರ್ಧ ಒಳಗೆ ಉಳಿಯುವುದು ಹೆಚ್ಚಾಗಿ ಇಂಥ ಮನೆಗಳಲ್ಲೇ.

ಕೀಲಿಕೈ ಹಾಕುವ ತೂತಿಗೆ ಎಣ್ಣೆ ಬೇಡವೇ ಬೇಡ. ಮೆತ್ತನೆಯ ಪೆನ್ಸಿಲ್ ತೆಗೆದುಕೊಂಡು ಕೀಲಿಕೈಯ ಎರಡೂ ಮೈಗೆ, ಹಲ್ಲುಗಳಿಗೆ ಚೆನ್ನಾಗಿ ಉಜ್ಜಿ, ಹತ್ತು ಸಲ ಒಳಗೆ ಹೊರಗೆ ಮಾಡಿ. ಪೆನ್ಸಿಲಿನ ಕಡ್ಡಿಯಲ್ಲಿರುವುದು ಗ್ರಾಫೈಟ್. ಒಣಗಿಯೇ ಜಾರಿಸುತ್ತದೆ, ಧೂಳು ಅಂಟಿಸಿಕೊಳ್ಳುವುದಿಲ್ಲ. ಅಂಚಿನ ಪಟ್ಟಿಯ ಕೊಕ್ಕೆಗಳಿಗೆ ಮಾತ್ರ, ಅದೂ ಒಣ ಬ್ರಷ್‌ನಿಂದ ಪುಡಿ ತೆಗೆದ ಮೇಲೆ, ಹೊಲಿಗೆ ಮಶೀನಿನ ಎಣ್ಣೆ ಎರಡೆರಡು ಹನಿ ಬಿಟ್ಟು ಉಳಿದದ್ದನ್ನು ಒರೆಸಿಬಿಡಿ. ಸುತ್ತಲಿನ ಕಪ್ಪು ರಬ್ಬರಿಗೆ ಎಣ್ಣೆ ತಾಗಿಸಬೇಡಿ, ಉಬ್ಬುತ್ತದೆ. ಅದಕ್ಕೆ ಸಿಲಿಕಾನ್ ಸ್ಪ್ರೇ ಬೇರೆಯೇ ಸಿಗುತ್ತದೆ.

ಸರಿಯುವ ಕಿಟಕಿಗಳ ಮನೆಯಲ್ಲಿ ಧೂಳಿನ ಕಾಟ ಇನ್ನೂ ಹೆಚ್ಚು. ಕೆಳಗಿನ ಹಳಿಯಲ್ಲಿ ಪುಡಿ ಕೂತು, ಮಳೆ ನೀರು ಬಿದ್ದು, ಗಟ್ಟಿ ಪದರವಾಗುತ್ತದೆ. ರೋಲರು ಅದರ ಮೇಲೆ ಹತ್ತಿ ಇಳಿದು ಸವೆಯುತ್ತದೆ, ಕಿಟಕಿ ಒಂದು ಕಡೆ ಇಳಿಯುತ್ತದೆ, ಕೊಕ್ಕೆ ತನ್ನ ಕಿಂಡಿಗೆ ಸಿಗುವುದಿಲ್ಲ. ಜನ ಹ್ಯಾಂಡಲ್ ಬದಲಿಸುತ್ತಾರೆ, ಪ್ರಯೋಜನವಿಲ್ಲ. ಹಳಿ ಕೆರೆದು ತೆಗೆಯಿರಿ. ಕಿಟಕಿ ರೆಕ್ಕೆಯ ಕೆಳ ಅಂಚಿನ ಪಕ್ಕದಲ್ಲಿ ಸಣ್ಣ ತೂತಿರುತ್ತದೆ. ಅದರೊಳಗೆ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ರೋಲರು ಏರುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಇಳಿಯುತ್ತದೆ. ಹೊರಗಡೆ ಹಳಿಯ ಕೆಳಗೆ ನೀರು ಹೋಗುವ ಸೀಳುಗಳಿರುತ್ತವೆ, ಅವನ್ನು ಕಸಬರಿಗೆ ಕಡ್ಡಿಯಿಂದ ಬಿಡಿಸಿ. ಮೃಗಶಿರಾ ಮಳೆ ಶುರುವಾಗುವ ಮೊದಲು ಇದೊಂದು ಮಾಡಿಟ್ಟರೆ ಒಳಗಿನ ಗೋಡೆಯ ಗಿಲಾವೂ ಉಳಿಯುತ್ತದೆ.

ಹ್ಯಾಂಡಲ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದು ನಿಜಕ್ಕೂ ಸುಲಭ. ಕಿಟಕಿಯ ಹ್ಯಾಂಡಲ್ ಬುಡದ ತಟ್ಟೆಯನ್ನು ಸ್ವಲ್ಪ ಎತ್ತಿ ಅಡ್ಡಕ್ಕೆ ತಿರುಗಿಸಿದರೆ ಎರಡು ಸ್ಕ್ರೂ ಕಾಣುತ್ತವೆ. ಲೊಡಲೊಡ ಅನ್ನುವ ಹ್ಯಾಂಡಲ್‌ಗೆ ಬಹಳ ಸಲ ಅವೆರಡನ್ನು ಬಿಗಿ ಮಾಡಿದರೆ ಸಾಕು. ಬಿಗಿ ಮಾಡಿದರೂ ಜೋಲು ಬಿದ್ದರೆ ಒಳಗಿನ ಸ್ಪ್ರಿಂಗ್ ಹೋಗಿದೆ, ಬೇರೆ ಹಾಕಿಸಿ. ಹ್ಯಾಂಡಲ್ ತಿರುಗುತ್ತದೆ ಆದರೆ ಏನೂ ಅಲ್ಲಾಡುವುದಿಲ್ಲ ಅಂದರೆ ಒಳಗಿನ ಚೌಕ ಸರಳು ಸವೆದಿದೆ ಅಥವಾ ಪಟ್ಟಿಯ ನಡುವಿನ ಗೇರ್ ಬಾಕ್ಸ್ ಮುರಿದಿದೆ. ಕೀಲಿ ನಿಜವಾಗಿ ಕೆಟ್ಟಿರುವುದು ಆಗ ಮಾತ್ರ. ಆಗಲೂ ಎಷ್ಟೋ ಮಾದರಿಗಳಲ್ಲಿ ಗೇರ್ ಬಾಕ್ಸ್ ಒಂದನ್ನೇ ಬದಲಿಸಲು ಬರುತ್ತದೆ. ಒಂದು ಎಚ್ಚರಿಕೆ: ಹೊರಗೆ ತೆರೆಯುವ ಮಹಡಿ ಕಿಟಕಿಯ ಹಿಂಜಿಗೆ ನೀವೇ ಕೈ ಹಾಕಬೇಡಿ. ಇಪ್ಪತ್ತೈದು ಕಿಲೋ ಗಾಜು ಕೈಜಾರಿದರೆ ಕೆಳಗೆ ಯಾರಿದ್ದಾರೋ.

ಇಷ್ಟು ಹೊತ್ತು ಹೇಳಿದ್ದು ಹಾಕಲು ಬಾರದ ಬಾಗಿಲಿನ ಕತೆ. ನನಗೆ ಹೆಚ್ಚು ಚಿಂತೆ ಇರುವುದು ತೆಗೆಯಲು ಬಾರದ ಬಾಗಿಲಿನದು.

2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರ ಮತ್ತು ಸುತ್ತಲಿನ ಊರುಗಳಲ್ಲಿ ನೆಲ ಮತ್ತೆ ಮತ್ತೆ ನಡುಗಿದ್ದು ನಿಮಗೆ ನೆನಪಿರಬಹುದು. ತೀವ್ರತೆ 4ರ ಆಸುಪಾಸಿಗೆ ಹೋಗಿತ್ತು. ಜನ ಮನೆಯೊಳಗೆ ಮಲಗಲು ಹೆದರಿ ಬಯಲಿನಲ್ಲಿ ರಾತ್ರಿ ಕಳೆದರು, ಎಷ್ಟೋ ಮಂದಿ ಊರನ್ನೇ ಬಿಟ್ಟು ಹೋದರು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ಕಂಡ ಹಿರಿಯರು ನಮ್ಮ ಕಡೆ ಇನ್ನೂ ಇದ್ದಾರೆ, ಆ ಹೆದರಿಕೆ ಸುಮ್ಮನೆ ಬಂದದ್ದಲ್ಲ. ಹಳೆ ಮಾಳಿಗೆ ಮನೆಯ ಛಾವಣಿ ಅಪಾಯಕಾರಿಯಾಗಿತ್ತು, ಒಪ್ಪುತ್ತೇನೆ. ಆದರೆ ಅದರ ಬಾಗಿಲಿಗೆ ಒಳಗಿನಿಂದ ಇದ್ದದ್ದು ಅಗಳಿ, ಚಿಲಕ. ಕತ್ತಲಲ್ಲಿ, ನಿದ್ದೆಗಣ್ಣಿನಲ್ಲಿ, ಒಂದೇ ಕೈಯಿಂದ ಸರಿಸಿ ಓಡಿ ಬರಬಹುದಿತ್ತು. ಈಗಿನ ಮನೆಯಲ್ಲಿ ಛಾವಣಿ ಗಟ್ಟಿ, ಬಾಗಿಲಿಗೆ ಮಾತ್ರ ಎರಡೂ ಕಡೆ ಕೀಲಿಕೈ. ರಾತ್ರಿ ಒಳಗಿನಿಂದ ಕೀಲಿ ಹಾಕಿ ಕೀಲಿಕೈಯನ್ನು ದೇವರ ಜಗಲಿ ಮೇಲೋ ದಿಂಬಿನ ಕೆಳಗೋ ಇಡುತ್ತಾರೆ. ನೆಲ ನಡುಗಿದಾಗ, ಸಿಲಿಂಡರ್ ಸೋರಿದಾಗ, ಶಾರ್ಟ್ ಸರ್ಕಿಟ್ ಆದಾಗ ಅದನ್ನು ಹುಡುಕುವವರು ಯಾರು? ಕಿಟಕಿಗಳಿಗೂ ಕೀಲಿ, ಹೊರಗೆ ಕಬ್ಬಿಣದ ಸರಳು.

ಇನ್ನೂ ಒಂದಿದೆ. ಒಳಗಡೆಯಿಂದ ಕೀಲಿಕೈ ಸಿಕ್ಕಿಸಿಯೇ ಬಿಟ್ಟಿದ್ದರೆ ಸಾಮಾನ್ಯ ಸಿಲಿಂಡರಿಗೆ ಹೊರಗಿನಿಂದ ಇನ್ನೊಂದು ಕೀಲಿಕೈ ಪೂರ್ತಿ ಇಳಿಯುವುದಿಲ್ಲ. ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ, ಪಕ್ಕದ ಮನೆಯವರ ಬಳಿ ನೀವು ಕೊಟ್ಟ ಕೀಲಿಕೈ ಇದೆ, ಆದರೂ ಬಾಗಿಲು ತೆರೆಯುವುದಿಲ್ಲ.

ಇದಕ್ಕೆ ದೊಡ್ಡ ಖರ್ಚಿಲ್ಲ. ಸಿಲಿಂಡರ್ ಒಂದನ್ನೇ ಬದಲಿಸಿ. ಒಳಗಡೆ ಕೀಲಿಕೈ ಬದಲು ಕೈಯಿಂದ ತಿರುಗಿಸುವ ನಾಬ್ ಇರುವಂಥದ್ದು ಕೇಳಿ. ನಾಬ್ ಬೇಡ ಅನ್ನುವವರು, ಒಳಗೆ ಕೀಲಿಕೈ ಇದ್ದರೂ ಹೊರಗಿನಿಂದ ತೆರೆಯುವ ‘ಎಮರ್ಜೆನ್ಸಿ ಫಂಕ್ಷನ್’ ಸಿಲಿಂಡರ್ ಎಂದು ಹೆಸರು ಹಿಡಿದೇ ಕೇಳಬೇಕು. ಬಾಗಿಲು ಬಡಿದುಕೊಳ್ಳುವ ಗಾಜಿನ ಪಕ್ಕದಲ್ಲೇ ನಾಬ್ ಇದ್ದರೆ ಗಾಜು ಒಡೆದು ಕೈ ಹಾಕಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಎಪ್ಪತ್ತು ದಾಟಿದವರು ಇಬ್ಬರೇ ಇರುವ ಮನೆಯಲ್ಲಿ ಕಳ್ಳ ಒಳಗೆ ಬರುವ ಭಯಕ್ಕಿಂತ ಅವರು ಹೊರಗೆ ಬರಲಾಗದ ಭಯ ನನಗೆ ದೊಡ್ಡದಾಗಿ ಕಾಣುತ್ತದೆ. ಕಳ್ಳನ ಭಯವೇ ಹೆಚ್ಚೆನ್ನುವವರು ಆ ಬಾಗಿಲಿಗೆ ಲ್ಯಾಮಿನೇಟೆಡ್ ಗಾಜು ಹಾಕಿಸಲಿ. ಒಡೆದರೂ ನಡುವಿನ ಹಾಳೆಗೆ ಅಂಟಿಕೊಂಡು ನಿಲ್ಲುತ್ತದೆ.

ಸಿಲಿಂಡರ್ ಬದಲಿಸಲು ಬಾಗಿಲಿನ ಅಂಚಿನಲ್ಲಿ, ಕೀಲಿಕೈ ತೂತಿನ ನೇರಕ್ಕೆ ಇರುವ ಉದ್ದನೆಯ ಸ್ಕ್ರೂ ಒಂದನ್ನು ಬಿಚ್ಚಬೇಕು. ಕೀಲಿಕೈ ಹಾಕಿ ಒಂದಿಷ್ಟೇ ಓರೆ ಮಾಡಿದರೆ ನಡುವಿನ ನಾಲಗೆ ಒಳಗೆ ಸರಿಯುತ್ತದೆ, ಆಗ ಎಳೆದರೆ ಬರುತ್ತದೆ. ಅಂಗಡಿಗೆ ಹೇಳಬೇಕಾದ ಅಳತೆ ಎರಡು: ಸ್ಕ್ರೂ ತೂತಿನ ನಡುವಿನಿಂದ ಒಳಗಿನ ತುದಿಗೆ ಎಷ್ಟು, ಹೊರಗಿನ ತುದಿಗೆ ಎಷ್ಟು. 35/45 ಅನ್ನುವುದನ್ನು ‘80ರದ್ದು ಕೊಡಿ’ ಅಂದರೆ 40/40 ಬರುತ್ತದೆ, ಒಂದು ಕಡೆ ಹುದುಗಿ ಇನ್ನೊಂದು ಕಡೆ ಉಬ್ಬುತ್ತದೆ. ಹೊರಗಡೆ ತಟ್ಟೆಗಿಂತ ಮೂರು ಮಿಲಿಮೀಟರಿಗೂ ಹೆಚ್ಚು ಉಬ್ಬಿದ್ದರೆ ಇಕ್ಕಳ ಹಾಕಿ ಮುರಿಯುವುದು ಸುಲಭ.

ಈಗಾಗಲೇ ಮುಚ್ಚಿಕೊಂಡು ಸಿಕ್ಕಿಬಿದ್ದ ಬಾಗಿಲಿಗೆ ಒದೆಯಬೇಡಿ. ಒಬ್ಬರು ಭುಜ ಕೊಟ್ಟು ಬಾಗಿಲನ್ನು ಚೌಕಟ್ಟಿನ ಕಡೆಗೆ ಒತ್ತಿ ಹಿಡಿಯಲಿ, ಇನ್ನೊಬ್ಬರು ಹ್ಯಾಂಡಲ್ ಹಿಡಿದು ಮೇಲಕ್ಕೆ ಎತ್ತುತ್ತ ಕೀಲಿಕೈ ತಿರುಗಿಸಲಿ. ಬಿಸಿಲಿಗೆ ಬಾಗಿದ್ದರೆ ಒದ್ದೆ ಬಟ್ಟೆಯನ್ನು ಚೌಕಟ್ಟಿಗೆ ಮಾತ್ರ ಹಚ್ಚಿ ಕಾಯಿರಿ, ಕಾದ ಗಾಜಿನ ಮೇಲೆ ತಣ್ಣೀರು ಎರಚಿದರೆ ಸಿಡಿಯಬಹುದು. ಒಳಗೆ ಯಾರಿಗೂ ತೊಂದರೆಯಿಲ್ಲ ಅಂದರೆ ಮರುದಿನ ನಸುಕಿನವರೆಗೆ ಬಿಟ್ಟು ನೋಡುವುದೂ ಒಂದು ಉಪಾಯವೇ.

ರಿಪೇರಿಯಾಗದ್ದು ಒಂದಿದೆ: ಎರಡು ಗಾಜಿನ ನಡುವೆ ಮಂಜು ಕಟ್ಟುವುದು. ಸುತ್ತಲಿನ ಸೀಲ್ ಬಿಟ್ಟಿದೆ ಎಂದರ್ಥ. ತೂತು ಕೊರೆದು ಒಣಗಿಸುತ್ತೇವೆ ಅನ್ನುವವರಿಗೆ ದುಡ್ಡು ಕೊಡಬೇಡಿ. ಚೌಕಟ್ಟು ಹಾಗೇ ಉಳಿಸಿ ಗಾಜಿನ ಜೋಡಿ ಮಾತ್ರ ಬದಲಿಸಿ.

ಕೊನೆಗೆ ಮಿಸ್ತ್ರಿಯ ಪ್ರಶ್ನೆ. ಈ ಕೆಲಸ ಬಲ್ಲವರು ಹೆಚ್ಚಾಗಿ ಕಲಬುರಗಿ ಅಥವಾ ಹೈದರಾಬಾದಿನಿಂದ ಬರಬೇಕು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ರೈಲು ಹಾದಿಯ ಮೇಲಿವೆ, ಚಿಂಚೋಳಿಗೆ ರೈಲೇ ಇಲ್ಲ. ಒಂದು ಹ್ಯಾಂಡಲ್ಲಿಗಾಗಿ ಯಾರೂ ಬರುವುದಿಲ್ಲ, ಬಂದರೆ ಬಂದು ಹೋಗುವ ಖರ್ಚೇ ರಿಪೇರಿಗಿಂತ ಹೆಚ್ಚು. ಓಣಿಯಲ್ಲಿ ಇಂಥದೇ ಬಾಗಿಲಿರುವ ನಾಲ್ಕು ಮನೆಯವರು ಸೇರಿ ಒಂದೇ ದಿನ ಕರೆಸಿ. ಕರೆಸುವ ಮೊದಲು ವಾಟ್ಸಾಪಿನಲ್ಲಿ ಫೋಟೊ ಕಳಿಸಿ: ಬಾಗಿಲಿನ ಅಂಚಿನ ಪಟ್ಟಿ ಮೇಲಿಂದ ಕೆಳತನಕ, ಅದರ ಮೇಲೆ ಒತ್ತಿದ ಹೆಸರು ಮತ್ತು ಸಂಖ್ಯೆ ಹತ್ತಿರದಿಂದ, ಹ್ಯಾಂಡಲಿನ ಎರಡೂ ಮುಖ. ಹ್ಯಾಂಡಲಿನ ಚೌಕ ಸರಳಿನ ನಡುವಿನಿಂದ ಕೀಲಿಕೈ ತೂತಿನ ನಡುವಿಗೆ ಟೇಪ್ ಹಿಡಿದು ಇನ್ನೊಂದು ಫೋಟೊ. 85 ಮತ್ತು 92 ಮಿ.ಮೀ. ಎರಡೂ ಅಳತೆಯವು ಮಾರುಕಟ್ಟೆಯಲ್ಲಿವೆ, ಒಂದಕ್ಕೆ ಇನ್ನೊಂದು ಕೂರುವುದಿಲ್ಲ. ಸೇಡಂನ ಆ ಮಗನಿಗೆ ನಾನು ಬರೆದದ್ದು ಇಷ್ಟೇ: ಮುಂದಿನ ಸಲ ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಒಂದು ಅಲೆನ್ ಕೀ ಸೆಟ್, ಒಂದು ನಾಬ್ ಸಿಲಿಂಡರ್ ಇರಲಿ. ಹಿಂಜು ಎತ್ತಿದ ಮೇಲೆ ಬಾಗಿಲನ್ನು ಅವ್ವನ ಕೈಯಿಂದಲೇ ನಾಲ್ಕು ಸಲ ಹಾಕಿಸಿ, ತೆಗೆಸಿ ನೋಡಿ. ಸಂಧಿವಾತದ ಕೈಗೆ ಬಿಗಿ ಅನ್ನಿಸಿದರೆ ಇನ್ನೂ ಕಾಲು ಸುತ್ತು ತಿರುಗಿಸಬೇಕು.